ಸೌಮ್ಯಳ ಕೋಲು

ಕೋಲಾಟದ ಅಭ್ಯಾಸ ಮುಗಿಸಿ ಬಂದ ನನ್ನ ಮಗಳು ಸೌಮ್ಯ, "ಅವ್ವ, ಕಾಲು ಜೋಮು ಹಿಡ್ದದೆ ಕಣವ್ವ" ಅಂದಳು. ಕುಣಿದದ್ದು ಜಾಸ್ತಿಯಾಗಿರಬೇಕು, ಎಣ್ಣೆ ಹಚ್ಚಿಕೊಂಡು ಮಲಗು ಅಂದೆ.

ಬೆಳಿಗ್ಗೆ ಮಂಚದಿಂದ ಇಳಿಯಲು ಹೋದವಳು ಅಲ್ಲೇ ಕುಸಿದಳು.

ಭಾರತೀನಗರದಿಂದ ಮಂಡ್ಯಕ್ಕೆ, ಅಲ್ಲಿಂದ ಮೈಸೂರಿಗೆ. ಎಂಆರ್‌ಐ. ಸ್ಟಿರಾಯ್ಡ್. ಕ್ಯಾಥೆಟರ್. ಟ್ರಾನ್ಸ್‌ವರ್ಸ್ ಮೈಲೈಟಿಸ್ ಅಂದರು ಡಾಕ್ಟರು, ಬೆನ್ನುಹುರಿಯ ಉರಿಯೂತವಂತೆ. "ಕಾಲಿಗೆ ಶಕ್ತಿ ವಾಪಸ್ ಬರಬಹುದು, ಬರದೆಯೂ ಇರಬಹುದು. ಕಾದು ನೋಡೋಣಮ್ಮ." ಮನೆಗೆ ಬಂದ ಮೇಲೆ ಹದಿನೇಳು ವರ್ಷದ ಹುಡುಗಿಗೆ ನಾನು ಡಯಪರ್ ಹಾಕುವಾಗ ಅವಳು ಗೋಡೆ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಮೊದಮೊದಲು ಬಂದವರೆಲ್ಲ ಎಳನೀರು ತಂದರು, ಮುತ್ತತ್ತಿ ದೇವರಿಗೆ ಹರಕೆ ಹೊತ್ತುಕೋ ಅಂದರು. ಹೊತ್ತೆ. ಆಮೇಲೆ ಬರುವುದೇ ನಿಂತಿತು, ಅವಳ ಕೋಲಾಟದ ಗೆಳತಿಯರೂ ಸೇರಿ. ಅವಳಪ್ಪ ಪಾಳಿ ಕೆಲಸಕ್ಕೆ ಹೋದರೆ ನಾವಿಬ್ಬರೇ. ಸಂಜೆ ಆರಕ್ಕೆ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಕೋಲಿನ ಸದ್ದು ಶುರುವಾದ ಕೂಡಲೇ ನಾನು ಟಿವಿ ಜೋರು ಮಾಡುತ್ತಿದ್ದೆ. ಅವಳು ರಿಮೋಟ್ ಎತ್ತಿ ಕಡಿಮೆ ಮಾಡುತ್ತಿದ್ದಳು. ಒಂದೇ ಕೋಣೆಯಲ್ಲಿ ಕೂತು ಇಬ್ಬರು ಅಷ್ಟೊಂದು ಒಂಟಿಯಾಗಿರಬಹುದು ಅಂತ ನನಗೆ ಗೊತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಕೋಲಾಟ ಕಲಿಸುವ ಪುಟ್ಟಮ್ಮನವರ ಹತ್ತಿರ ಹೋದೆ. "ನಮ್ ಸೌಮ್ಯನ್ನೂ ಹೆಂಗಾದ್ರೂ ಸೇರಿಸ್ಕೊಳ್ಳಕ್ಕ."

"ಅಯ್ಯೋ, ಅದ್ಕೇನಂತೆ! ಕರ್ಕೊಂಡ್ಬಾ, ಸ್ಟೇಜ್ ಮ್ಯಾಲೆ ಕೂರ್ಸಿ ಸನ್ಮಾನ ಮಾಡ್ಬುಡಾನ."

ನಮ್ಮ ಕಡೆ ಹಾಗೇ. ಅಕ್ಕರೆ ಬಂದರೂ ಸನ್ಮಾನ, ಏನು ಮಾಡಬೇಕೆಂದು ತೋಚದಿದ್ದರೂ ಸನ್ಮಾನ. ನಾನೂ ಹಿಗ್ಗಿ ಅವಳಿಗೆ ಹೊಸ ಬಟ್ಟೆ ಹೊಲಿಸಿದೆ.

ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ನಾಲ್ಕು ಜನ ವೀಲ್‌ಚೇರ್ ಸಮೇತ ಅವಳನ್ನು ಸ್ಟೇಜಿಗೆ ಎತ್ತಿಟ್ಟರು. ಚಪ್ಪಾಳೆ ಆಯಿತು, ಫೋಟೊ ಆಯಿತು. ಆಮೇಲೆ ಗಣ್ಯರೆಲ್ಲ ಇಳಿದು ಹೋದರು, ಹುಡುಗಿಯರು ಕೆಳಗೆ ಕೋಲಾಟ ಆಡಿದರು. ಮೇಲೆ ಖಾಲಿ ಕುರ್ಚಿಗಳ ನಡುವೆ ನನ್ನ ಮಗಳೊಬ್ಬಳೇ, ಪೇಟ ಹುಬ್ಬಿನವರೆಗೆ ಜಾರಿ, ಬುಟ್ಟಿ ಹಿಡಿದುಕೊಂಡು ಕೂತಿದ್ದಳು. ಅವಳನ್ನು ಇಳಿಸಬೇಕು ಅನ್ನುವುದೇ ಯಾರಿಗೂ ನೆನಪಾಗಲಿಲ್ಲ.

ಮನೆಗೆ ಬಂದು ಶಾಲು ಮಡಿಸಿ ನನ್ನ ಕೈಗಿಟ್ಟಳು.

"ನನ್ ಕೋಲು ಎಲ್ಲವೆ ಅವ್ವ?"

ಆಸ್ಪತ್ರೆಯಿಂದ ಬಂದ ವಾರವೇ ನಾನು ಅವನ್ನು ಪಕ್ಕದ ಮನೆಯ ಕೋಲಾಟದ ಗೆಳತಿ ರೇಖಾಗೆ ಕೊಟ್ಟುಬಿಟ್ಟಿದ್ದೆ. ಕಣ್ಣಿಗೆ ಬಿದ್ದರೆ ಅಳುತ್ತಾಳೆ ಅಂತ. ಹೇಳಿದೆ. ಅವಳು ಅಳಲಿಲ್ಲ.

"ನಾ ಸತ್ತೋದೆ ಅನ್ಕೊಂಡಿದ್ದಾ?"

ಮಾರನೆಯ ದಿನ ರೇಖಾಳ ಮನೆ ಬಾಗಿಲಲ್ಲಿ ನಿಂತೆ, ತಲೆ ತಗ್ಗಿಸಿಕೊಂಡು. "ಅವ್ಳಿನ್ ಬರಲ್ಲ ಅಂತ ನೀವೇ ಅಲ್ವಾ ಆಂಟಿ ಹೇಳಿದ್ದು?" ಅಂದಳು ಆ ಹುಡುಗಿ. ಸಂಜೆ ಕೋಲು ತಂದು, ವೀಲ್‌ಚೇರನ್ನೂ ತಾನೇ ತಳ್ಳಿಕೊಂಡು ಭವನಕ್ಕೆ ಹೊರಟಳು. ನಾನು ಹಿಂದೆ ಹೋದೆ.

ಸೌಮ್ಯ ರಾತ್ರಿಯೆಲ್ಲ ಉಪಾಯ ಯೋಚಿಸಿದ್ದಳೋ ಏನೋ, ಪುಟ್ಟಮ್ಮನವರಿಗೆ ತಾನೇ ಹೇಳಿದಳು. ಎರಡು ಸುತ್ತಿನ ಕೋಲಾಟದಲ್ಲಿ ಒಳಸುತ್ತಿನವರು ಜಾಗ ಬಿಡದೆ ಹೊಡೆಯಲಿ, ಹೊರಸುತ್ತಿನವರಷ್ಟೇ ಸರಿಯುತ್ತಾ ಹೋಗಲಿ. "ಇದು ನಂಗ್ಯಾಕೆ ಹೊಳೀನಿಲ್ಲ?" ಅಂದರು ಪುಟ್ಟಮ್ಮ. ಚೇರಿನ ಬ್ರೇಕ್ ಹಾಕಿ ಒಳಸುತ್ತಿಗೆ ಕೂರಿಸಿದರು.

ಹೊರಸುತ್ತು ಮೂರನೇ ಸಲ ತಿರುಗುವಾಗ ರೇಖಾಳ ಕೋಲು ಸೌಮ್ಯಳ ಬೆರಳಿಗೆ ಬಿತ್ತು. ನಾನು ಬೆಂಚಿನಿಂದ ಎದ್ದು ಓಡಿದೆ.

"ಲೇ, ಕೋಲ್ ಮ್ಯಾಕೆತ್ತೇ, ನಿದ್ದೆ ಮಾಡ್ತಿದ್ದೀಯಾ?" ರೇಖಾ ಅವಳಿಗೇ ಬೈದಳು.

ಸೌಮ್ಯ ಬೆರಳನ್ನು ಬಾಯಿಗಿಟ್ಟುಕೊಂಡು ನಕ್ಕಳು. ನನ್ನನ್ನು ಕಂಡು, "ಅತ್ಲಾಗೋಗವ್ವ, ಸುತ್ತು ಕೆಡ್ತದೆ" ಅಂದಳು.

ಕಾಲಿಗೆ ಇನ್ನೂ ಶಕ್ತಿ ಬಂದಿಲ್ಲ. ಫಿಸಿಯೋ ನಡೆಯುತ್ತಿದೆ. ಈಗ ಸಂಜೆ ಆರರಿಂದ ಏಳರವರೆಗೆ ಮನೆಯಲ್ಲಿ ನಾನೊಬ್ಬಳೇ. ಏನು ಮಾಡಬೇಕೋ ತಿಳಿಯದೆ ಟಿವಿ ಹಾಕುತ್ತೇನೆ. ಆಮೇಲೆ ನಾನೇ ಸದ್ದು ಕಡಿಮೆ ಮಾಡಿ, ಕೋಲಿನ ಸದ್ದು ಕೇಳುತ್ತಾ ಕೂರುತ್ತೇನೆ.