ಹತ್ತು ನಿಮಿಷ ತಡ

ನಮ್ಮಮ್ಮ ದರ್ಜಿ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಬಿಚ್ಚಿ ಮತ್ತೆ ಹೊಲಿಯುವವಳು. ಅಪ್ಪನಿಗೆ ಸಕ್ಕರೆ ಕಾಯಿಲೆಯೆಂದು ವೈದ್ಯರು ಬರೆದುಕೊಟ್ಟ ಇನ್ಸುಲಿನ್ನನ್ನೂ ಹನ್ನೊಂದು ವರ್ಷ ಅದೇ ಹಟದಿಂದ ಚುಚ್ಚಿದಳು. "ನಿನ್ನ ಕೈಗೆ ಸಿಕ್ಕಿದ್ಮೇಲೆ ನಾನೂ ಒಂದು ಬಟ್ಟೇನೇ ಬಿಡು" ಎಂದು ಗೊಣಗುತ್ತಾ ಅಪ್ಪ ಹೊಟ್ಟೆ ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬಳ ತಕರಾರಿನಲ್ಲಿ ಇಂಜೆಕ್ಷನ್ ಹತ್ತು ನಿಮಿಷ ತಡವಾಯಿತು. ಬೆಳಗಿನ ಇಂಜೆಕ್ಷನ್ ಆದಮೇಲೆ ಸರಿಯಾಗಿ ತಿಂದಿರದ ಅಪ್ಪ ಆಗಲೇ ಬೆವರಿ ನಡುಗುತ್ತಿದ್ದ. ಸಕ್ಕರೆ ಏರಿದೆ ಎಂದು ಹೆದರಿ ಅಮ್ಮ ಸ್ವಲ್ಪ ಹೆಚ್ಚೇ ಚುಚ್ಚಿದಳು. ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲಿ ಕುಸಿದ ಅಪ್ಪ ಮತ್ತೆ ಏಳಲಿಲ್ಲ. ತಡ ಮಾಡಿ ಕೊಂದೆನೆಂದು ಅಮ್ಮ ವರ್ಷಗಟ್ಟಲೆ ಅತ್ತಳು.

ಆರು ವರ್ಷದ ನನ್ನ ಮಗಳ ರಕ್ತದಲ್ಲೂ ಸಕ್ಕರೆ ಹೆಚ್ಚು ಕಂಡಾಗ ಅದೇ ವೈದ್ಯರು ಅದೇ ಔಷಧಿ ಬರೆದರು. ಅಮ್ಮ ಗಡಿಯಾರದ ಮುಂದೆ ಕಾವಲು ಕೂತಳು. ನನಗೆ ಯಾಕೋ ಸಮಾಧಾನವಾಗದೆ ದೊಡ್ಡ ಆಸ್ಪತ್ರೆಗೆ ಹೋದೆ. ಮಗಳು, ನಾನು, ಅಮ್ಮ ಮೂವರ ರಕ್ತವನ್ನೂ ಪರೀಕ್ಷಿಸಿದ ಡಾಕ್ಟರಮ್ಮ ವರದಿ ಬಂದ ದಿನ ನನಗಷ್ಟೇ ವಿವರಿಸಿದರು: "ಇನ್ಸುಲಿನ್ ಮಾಡೋ ಜೀವಕೋಶಗಳು ಚೆನ್ನಾಗೇ ಇವೆ. ಸಕ್ಕರೆ ಎಷ್ಟಿದೆ ಅಂತ ಅಳೆಯೋ ಜೀನ್ ಒಂದರಲ್ಲಿ ದೋಷ. ಹಾಗಾಗಿ ಸ್ವಲ್ಪ ಜಾಸ್ತಿ ಆದ್ಮೇಲೇ ಕೆಲಸ ಶುರು ಮಾಡ್ತವೆ. ಹುಟ್ಟಿದಾಗಿಂದ್ಲೂ ಹೀಗೇ. ಇದ್ರಿಂದ ಅಪಾಯ ಇಲ್ಲ, ಇಂಜೆಕ್ಷನ್ ಬೇಡ." ದೋಷ ಮಗಳಲ್ಲಿತ್ತು, ನನ್ನಲ್ಲಿತ್ತು. ಅಮ್ಮನಲ್ಲಿರಲಿಲ್ಲ.

ಮನೆಗೆ ಬಂದು ಇಂಜೆಕ್ಷನ್ ಬೇಡವಂತೆ ಎಂದಷ್ಟೇ ಹೇಳಿದೆ. ಉಳಿದದ್ದನ್ನು ನುಂಗಿಕೊಂಡೆ. ಅಮ್ಮ ಸಿಡುಕಿದಳು. "ಹೇಳೋರಿಗೇನು, ಹೇಳ್ತಾರೆ. ತಡ ಆದ್ರೆ ಏನಾಗತ್ತೆ ಅಂತ ನಂಗೊತ್ತು."

ಮೂರನೇ ದಿನ ಕೆಲಸದಿಂದ ಬಂದಾಗ ಮಗಳು ನೆಲದ ಮೇಲೆ ಬೆವರಿ ಒದ್ದೆಯಾಗಿ ಬಿದ್ದಿದ್ದಳು, ತುಟಿ ಬಿಳಿಚಿತ್ತು. ಎತ್ತಿ ಕೂರಿಸಿ ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ಗಂಟೆಯ ಮೇಲೆ ಚೇತರಿಸಿಕೊಂಡು ಪಿಸುಗುಟ್ಟಿದಳು: "ಅಜ್ಜಿ ಚುಚ್ಚಿದ್ರು. ನಿಂಗೆ ಹೇಳ್ಬೇಡ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. "ಇವಳಿಗೆ ಇದು ನನ್ನಿಂದ ಬಂತು. ನಂಗೆ ಅಪ್ಪನಿಂದ. ಅವ್ರಿಗೂ ಬೇಕಾಗಿರ್ಲಿಲ್ಲ."

ಅಮ್ಮ ಮೊಮ್ಮಗಳ ಒದ್ದೆ ಅಂಗಿಯನ್ನು ಮುಟ್ಟಿ ನೋಡಿದಳು. ಕೈ ತೆಗೆಯದೆ ಕೇಳಿದಳು: "ಅವತ್ತು ಅವ್ರೂ ಹೀಗೇ ಬೆವರಿದ್ರು. ಚುಚ್ಚೋ ಬದ್ಲು ಸಕ್ಕರೆ ಕೊಟ್ಟಿದ್ರೆ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ನಾಳೆ ಮಗಳಿಗೆ ಮತ್ತೆ ಚುಚ್ಚುತ್ತಿದ್ದಳು.

"ಬದುಕ್ತಿದ್ರು, ಅಮ್ಮಾ" ಎಂದೆ.