ಮಂಡಕ್ಕಿಯನ್ನು ಕೇಳಿ ದೊಣೆಗೆ ಹೊರಟಿದ್ದು

ಇದನ್ನು ನಂಬದೆ ಓದಿ ಮುಗಿಸಿ ನೋಡೋಣ. ನಮ್ಮೂರಲ್ಲಿ ಇನ್ನೂ ಯಾರ ಕೈಲೂ ಆಗಿಲ್ಲ. ಈ ಅರವತ್ತೊಂಬತ್ತು ವರ್ಷದಲ್ಲಿ ನಾನು ಬಿಟ್ಟ ಸುಳ್ಳನ್ನೆಲ್ಲ ಜನ ಬಾಯಿ ತೆರೆದು ನಂಬಿದ್ದಾರೆ. ನಂಬದೆ ಬಿಟ್ಟದ್ದು ಒಂದೇ ಮಾತನ್ನು. ಅದು ನಿಜವಾಗಿತ್ತು, ಅದೇ ನನ್ನ ಸಂಕಟ.

ಕೂಡ್ಲಿಗಿ ಕಡೆಯ ನಮ್ಮೂರಿನ ಹಿಂದೆ ಕಾರೆಮುಳ್ಳಿನ ಬಯಲು. ಮೂರು ಮೈಲಿ ನಡೆದರೆ ಒಂದು ಬೋಳು ಗುಡ್ಡ. ಅದರ ನೆತ್ತಿಯಲ್ಲಿ ಒಂದು ದೊಣೆ, ಬಂಡೆಯೊಳಗೇ ನೀರು ನಿಂತ ಹೊಂಡ. ಎಂಥ ಬೇಸಿಗೆಗೂ ಬತ್ತುವುದಿಲ್ಲ. ಕುರಿ ಹಿಂದೆ ಅಲೆಯುವ ವಯಸ್ಸಿನಲ್ಲಿ ಬೊಗಸೆಯಲ್ಲಿ ಅದರ ನೀರು ಕುಡಿದವನು ನಾನು. ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಕೂತು ಇದನ್ನು ಹೇಳಿದೆ. ಪಕ್ಕದಲ್ಲಿ ಬೀಗರು, ಮಗಳ ಮಾವ, ಹರಪನಹಳ್ಳಿಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರು. ಕೈಲಿದ್ದ ತುತ್ತನ್ನು ಎಲೆಗಿಳಿಸಿ ಕೇಳಿದರು:

“ನಿಮ್ಮ ಕಡೆ ಕೆರೇನೇ ಒಣಗಿ ಹುಡುಗ್ರು ಕ್ರಿಕೆಟ್ ಆಡ್ತಾರೆ. ಗುಡ್ಡದ ಮ್ಯಾಲೆ ನೀರು ಐತಾ ಬೀಗ್ರೆ?”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಲ್ಲಿಂದ ಹನ್ನೊಂದು ವರ್ಷ, ಯಾವ ಹಬ್ಬಕ್ಕೆ ಬಂದರೂ ಅವರು ನನ್ನ ಆರೋಗ್ಯ ಕೇಳಲಿಲ್ಲ. “ದೊಣಿ ಆರಾಮೈತಾ?” ಎಂದೇ ಚಪ್ಪಲಿ ಬಿಡುತ್ತಿದ್ದರು.

ಈ ಸಲ ಬೇಸಿಗೆಯ ಕೊನೆಗೆ ಅವರ ಮೊಣಕಾಲಿನ ಆಪರೇಷನ್ ನಿಗದಿಯಾಯಿತು. ಆಮೇಲೆ ಗುಡ್ಡಗಿಡ್ಡ ಹತ್ತುವಂತಿಲ್ಲ ಎಂದರಂತೆ ಡಾಕ್ಟರು. ನಾನು ಫೋನ್ ಮಾಡಿದೆ.

“ಕಾಲು ಬಿಚ್ಚಾಕಿಂತ ಮೊದ್ಲ ಬಂದು ದೊಣಿ ನೋಡ್ಕೊಂಡು ಹೋಗ್ರಿ.”

“ಬರ್ತೀನಿ. ಆದ್ರೆ ಮಳೆ ಬಿದ್ದ ಮ್ಯಾಲೆ ಕರೀಬ್ಯಾಡ್ರಿ. ಮಳೆ ಬಿದ್ರೆ ನಮ್ಮ ಅಂಗಳದ ಬಕೆಟ್‌ನಾಗೂ ನೀರಿರ್ತೈತೆ.”

ಮಾತು ನ್ಯಾಯವಾದದ್ದೇ. ರೋಹಿಣಿ ಮಳೆ ಹೊಸ್ತಿಲಲ್ಲಿ ನಿಂತಿತ್ತು. ದಿನಾ ಸಂಜೆ ಹಡಗಲಿ ದಿಕ್ಕಿಗೆ ಮೋಡ ಕಟ್ಟುವುದು, ಗುಡುಗುವುದು, ಹನಿ ಹಾಕದೆ ಹೋಗುವುದು. ಒಂದು ದೊಡ್ಡ ಮಳೆ ಬಿದ್ದರೆ ನನ್ನ ಜನ್ಮದ ಏಕೈಕ ಸತ್ಯ ಬಕೆಟ್ ನೀರಿನ ಜೊತೆ ಸೇರಿಹೋಗುತ್ತಿತ್ತು.

ಬೀಗರು ಸಂಜೆ ಬಸ್ಸಿಗೆ ಕೊಟ್ಟೂರು ದಾಟಿ ಬಂದಿಳಿದರು, ಕೈಯಲ್ಲಿ ಕೋಲು, ಹೆಗಲಿಗೆ ಒಂದು ಮೂಟೆ ಮಂಡಕ್ಕಿ. ಊಟವಾಗುತ್ತಲೇ ಯೋಜನೆಗೆ ಕೂತೆವು. ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ ನಾಲ್ಕು, ಮಳೆ ಬಂದರೆ ತಲೆಗೆ ಹಾಕಿಕೊಳ್ಳಲು ಗೊಬ್ಬರದ ಖಾಲಿ ಚೀಲ ಎರಡು. ನಾಳೆಯ ಹವೆ ಹೇಗೆ ಅಂತ ನೋಡಿದರೆ ನನ್ನ ಫೋನಿನಲ್ಲಿ ಸೂರ್ಯ, ಅವರ ಫೋನಿನಲ್ಲಿ ಛತ್ರಿ.

“ಕರಡಿ ಅದಾವಂತಲ್ಲ?” ಎಂದರು ಬೀಗರು.

“ಮಾತಿನ ಸಪ್ಪಳ ಕೇಳಿದ್ರ ಕರಡಿ ದೂರ ಹೋಗ್ತಾವ ಅಣ್ಣಾರ,” ಎಂದಳು ತಾಟು ಎತ್ತುತ್ತಿದ್ದ ನನ್ನ ಹೆಂಡತಿ. “ನೀವಿಬ್ರು ಕೂಡಿದ್ರ ಆಂಧ್ರ ದಾಟ್ತಾವ. ಚಿಂತಿ ಇರೋದು ಮಳೀದು. ಆ ಫೋನು ಎರಡೂ ಒಳಗಿಡ್ರಿ.”

ಅವಳು ತಂಬ್ರಹಳ್ಳಿ ಕಡೆಯವಳು. ಮಳೆ ಕೇಳಲು ಅವಳ ತವರಿನಲ್ಲಿ ಒಂದು ಪದ್ಧತಿ. ಒಂದು ತಾಟು ಮಂಡಕ್ಕಿಯನ್ನು ರಾತ್ರಿಯೆಲ್ಲ ಹೊರಗಿಡುವುದು. ಗಾಳಿಯಲ್ಲಿ ತೇವ ಏರಿದರೆ ಅದು ಮೆತ್ತಗಾಗುತ್ತದೆ.

“ಮುಂಜಾನಿ ಗರಿಗರಿ ಇದ್ರ ಹೋಗ್ರಿ. ಮೆತ್ತಗಾಗಿದ್ರ ಇಬ್ರೂ ಮನ್ಯಾಗ ಕುಂದರ್ರಿ. ಒದ್ದಿ ಕಲ್ಲಿನ ಮ್ಯಾಲೆ ಅಣ್ಣಾರ ಕಾಲು ಜಾರಿದ್ರ ಮಗಳಿಗೆ ನಾ ಏನ್ ಹೇಳ್ಲಿ?”

ಬೀಗರು ಒಪ್ಪಿದರು. ಮಂಡಕ್ಕಿಯ ನ್ಯಾಯವನ್ನು ಭಟ್ಟಿಯವರು ಹೇಗೆ ಬೇಡವೆಂದಾರು? ಅವಳು ಕಟ್ಟೆಯ ಮೇಲೆ ತಾಟಿಟ್ಟು ಮೇಲೆ ಬುಟ್ಟಿ ಕವುಚಿದಳು.

ಬೆಳಿಗ್ಗೆ ಐದಕ್ಕೆ ಎದ್ದು ಬುಟ್ಟಿ ಎತ್ತಿದೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ಹತ್ತಿ ಜಗಿದಂತಾಯಿತು. ಮೋಸಕ್ಕೆ ಸಾವಿರ ದಾರಿ ಬಲ್ಲ ಮನುಷ್ಯ ಮಂಡಕ್ಕಿಗೆ ಸೋಲುತ್ತಾನೆಯೇ? ಮೆತ್ತಗಿನದನ್ನೆಲ್ಲ ಅಂಗಿಯ ಎರಡೂ ಜೇಬಿಗೆ ತುಂಬಿಕೊಂಡೆ. ಅಡುಗೆಮನೆಯ ಮೂಲೆಯಲ್ಲಿ, ಹಿಟ್ಟಿನ ಡಬ್ಬಿಗಳ ಹಿಂದೆ ಒಂದು ಮಂಡಕ್ಕಿ ಡಬ್ಬಿ ಸಿಕ್ಕಿತು. ಅದರಿಂದ ಎರಡು ಬೊಗಸೆ ತಂದು ತಾಟಿಗೆ ಸುರಿದು ಹೋಗಿ ಮಲಗಿದೆ. ಗೊರಕೆಯನ್ನೂ ಹೊಡೆದೆ, ಅದರಲ್ಲಿ ನನ್ನಷ್ಟು ಪಳಗಿದವರು ಈ ತಾಲ್ಲೂಕಿನಲ್ಲಿಲ್ಲ.

ಆರಕ್ಕೆ ಮೂವರೂ ಕಟ್ಟೆಯ ಸುತ್ತ ನಿಂತೆವು. ಹೆಂಡತಿ ಹಿಡಿಯಲ್ಲಿ ಒತ್ತಿದಳು. ಪುಡಿಯಾಯಿತು.

“ಗರಿಗರಿ ಐತಿ,” ಎಂದಳು, ಆಕಾಶದ ಕಡೆ ಅನುಮಾನದಿಂದ ನೋಡುತ್ತ.

ಬೀಗರು ಬಗ್ಗಿ ತಾಟಿನಲ್ಲಿ ಬೆರಳಾಡಿಸಿದರು. ಎರಡು ಬೆರಳಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು. ಒಂದು ಪುಟಾಣಿ, ನಮ್ಮ ಹುರಿಗಡಲೆ. ನಾನು ಕೈ ಹಾಕಿದ್ದು ಹೆಂಡತಿ ವಗ್ಗರಣೆಗೆಂದು ಪುಟಾಣಿ ಬೆರೆಸಿಟ್ಟಿದ್ದ ಡಬ್ಬಿಗೆ.

“ಬೀಗ್ರೆ, ನಿಮ್ಮ ಮಂಡಕ್ಕಿ ರಾತ್ರಿ ಮೊಟ್ಟೆ ಇಟ್ಟೈತೆ ನೋಡ್ರಿ.”

ಹೆಂಡತಿ ನನ್ನ ಕಡೆ ತಿರುಗಿದಳು. ದೊಣೆ, ಮಾನ, ಹನ್ನೊಂದು ವರ್ಷ, ಎಲ್ಲ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಬೀಗರು ಪುಟಾಣಿಯನ್ನು ಬಾಯಿಗೆ ಹಾಕಿಕೊಂಡು ಕಟುಂ ಎನಿಸಿದರು.

“ಭಟ್ಟಿ ಮಾಲಿನಾಗೆ ಹಿಂಗೆ ಒಂದೊಂದು ಸೇರ್ಕೊಂಡಿರ್ತೈತೆ ತಂಗಿ. ಗರಿಗರಿನೇ ಐತೆ. ಹೋಗಿ ಬರ್ತೀವಿ.”

ಊರು ದಾಟಿದ ಮೇಲೆ ಬಾಯಿಬಿಟ್ಟರು. “ನಾನು ನಾಲ್ಕೂವರೆಗೇ ಎದ್ದು ನೋಡಿದ್ದೆ. ಮೆತ್ತಗಾಗಿತ್ತು. ಬದಲಾಯ್ಸಣ ಅಂತ ಡಬ್ಬಿ ಹುಡುಕಿದೆ, ಕತ್ತಲಾಗೆ ಸಿಗಲಿಲ್ಲ.”

ಆ ನಗುವಿಗೇ ಅರ್ಧ ಮೈಲಿ ಸವೆಯಿತು. ಗುಡ್ಡದ ಬುಡ ಮುಟ್ಟುವಾಗ ಮಂಡಕ್ಕಿ ಹೇಳಿದ್ದು ನಿಜವಾಯಿತು. ಗಾಳಿ ತಣ್ಣಗೆ ತಿರುಗಿತು, ಬಯಲಿನ ಆ ತುದಿಯಿಂದ ಮಳೆ ಓಡಿ ಬಂತು. ಚೀಲದ ಕೊಪ್ಪೆ ಹಾಕಿಕೊಂಡು ಬಂಡೆಯ ಸಂದಿನಲ್ಲಿ ಅರ್ಧ ಗಂಟೆ ಕುಕ್ಕರಿಸಿದೆವು. ಬೀಗರು ರೊಟ್ಟಿ ಮುರಿಯುತ್ತ, “ದೊಣಿ ತುಂಬ್ತಾ ಐತೆ,” ಎಂದರು ಸಂತೋಷವಾಗಿ.

ಮಳೆ ನಿಂತ ಮೇಲೆ ಹತ್ತಿದೆವು, ಅವರ ಒಂದು ಕೈ ಕೋಲಿನ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ನೆತ್ತಿಯಲ್ಲಿ ದೊಣೆ ಅಂಚಿನವರೆಗೆ ತುಂಬಿ ಹೊಳೆಯುತ್ತಿತ್ತು.

“ನೀರೇನೋ ಐತೆ,” ಎಂದರು ಬೀಗರು. “ಈಗ ನಮ್ಮ ಬಕೆಟ್‌ನಾಗೂ ಐತೆ.”

ಮುಖ ತೊಳೆಯಲು ಅಂಚಿನಲ್ಲಿ ಕೂತು ನೀರಿಗೆ ಕೈ ಹಾಕಿದರು. ಏನೋ ಬೆರಳಿಗೆ ಸುತ್ತಿಕೊಂಡಿತು. ಎಳೆದರು. ಮುಳುಗಿಹೋಗಿದ್ದ ಒಂದು ನೈದಿಲೆ ಹೂವು ಮೇಲೆ ಬಂತು. ಅದರ ಹಿಂದೆ ದಂಟು, ಒಂದು ಮೊಳ, ಎರಡು ಮೊಳ, ಇನ್ನೂ ಬರುತ್ತಲೇ ಇತ್ತು. ಅರ್ಧ ಗಂಟೆಯ ಮಳೆಗೆ ಅಷ್ಟುದ್ದ ದಂಟು ಬೆಳೆಯುವುದಿಲ್ಲ ಎಂದು ನಾನು ಹೇಳಬೇಕಾಗಲಿಲ್ಲ. ಬೀಗರು ದಂಟನ್ನು ತೊಡೆಯ ಮೇಲಿಟ್ಟು, ಕೈ ಮುಗಿದು ಅಂದರು: “ಸೋತೆ ಬೀಗ್ರೆ. ಹನ್ನೊಂದು ವರ್ಷಾನೂ ಸೋತೆ.”

ಮನೆಗೆ ಬಂದಾಗ ಹೆಂಡತಿ ಒದ್ದೆ ಅಂಗಿ ಹಿಂಡಿದಳು. ಜೇಬಿನಿಂದ ಮುದ್ದೆಯಂತಾಗಿದ್ದ ಮಂಡಕ್ಕಿ ಅವಳ ಕೈಗೆ ಬಂತು.

“ನಮ್ಮ ಮನ್ಯಾಗ ಖರೆ ಹೇಳೋದು ಇದೊಂದ ಇತ್ತು. ಇದನ್ನೂ ಜೇಬಿನ್ಯಾಗ ಇಟ್ಕೊಂಡ್ರಲ್ಲ,” ಎಂದಳು, ನಗು ತಡೆಯಲಾರದೆ.

ಮರುದಿನ ಮಗಳ ಫೋನು. “ಅಪ್ಪಾ, ನಮ್ಮ ಮಾವ ಆ ಹೂವು ಭಟ್ಟಿ ಬಾಗ್ಲಿಗೆ ಸಿಗಿಸ್ಯಾರ. ಗುಡ್ಡದ ಮ್ಯಾಲೆ ದೊಣಿ ಹುಡುಕಿದ್ದು ತಾವಾ ಅಂತ ಬಂದೋರಿಗೆಲ್ಲ ಹೇಳಾಕತ್ಯಾರ.”

ಹಾಗೆ ಹೇಳಿಕೊಂಡು ತಿರುಗುವವರು ಕೈ ಮುಗಿದು ಸೋತೆ ಅಂದಾರೆಯೇ ಎಂದು ನೀವು ಕೇಳುತ್ತೀರಿ. ಸರಿ, ಅದೊಂದು ನಾನು ಸೇರಿಸಿದ್ದು. ಉಳಿದದ್ದೆಲ್ಲ ನಡೆದದ್ದೇ. ಬೀಗರು ಮುಖ ತೊಳೆದುಕೊಂಡರು. ದಂಟನ್ನು ಜೋಪಾನವಾಗಿ ಸುತ್ತಿ ಚೀಲಕ್ಕಿಟ್ಟರು, ನನ್ನ ಹೆಗಲ ಮೇಲೆ ಕೈಯಿಟ್ಟರು, ಇಬ್ಬರೂ ಮೆಲ್ಲಗೆ ಇಳಿದೆವು.