ನೀರಗಂಟಿ ನಾರೆಪ್ಪನ ಹೆಬ್ಬೆರಳು

ಅಟ್ಟದಿಂದ ಇಳಿಸಿದ ಟ್ರಂಕು ತೆರೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಸೀನಿ ಸೀನಿ ಸಾಕಾಯಿತು. ಈ ಪಾಡೆಲ್ಲ ನನ್ನ ತಮ್ಮನ ಮಗಳಿಗಾಗಿ. ಅವಳು ಯೂನಿವರ್ಸಿಟಿಯಲ್ಲಿ 'ಜಾಗತಿಕ ಆಡಳಿತ, ಭದ್ರತೆ ಮತ್ತು ಸುಸ್ಥಿರತೆ' ಎಂಬ ವಿಷಯ ಓದಲು ಹೊರಟಿದ್ದಾಳೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿರುತ್ತದೆ. "ಅತ್ತೆ, ನೀವೂ ಇಂಥದ್ದೇ ಓದಿದ್ರಂತಲ್ಲ, ಪುಸ್ತಕ ಇದ್ರೆ ಕೊಡಿ" ಅಂದಳು. ಕೇಳಬೇಕೆ! ದಪ್ಪ ಪುಸ್ತಕ ಕೊಟ್ಟು ದೊಡ್ಡವಳೆನಿಸಿಕೊಳ್ಳುವ ಆಸೆಗೆ ಟ್ರಂಕಿನೊಳಗೆ ಕೈಯಾಡಿಸಿದೆ. ಪುಸ್ತಕಗಳ ನಡುವೆ ಟೈಪು ಮಾಡಿದ ಒಂದೇ ಒಂದು ಹಾಳೆ ಸಿಕ್ಕಿತು. ಅದರ ಕೆಳ ಅಂಚಿನಲ್ಲಿ ಕೆಸರಿನ ಹೆಬ್ಬೆರಳ ಗುರುತು.

ನಾನು ಓದಿದ್ದು ಎಂಬತ್ತರ ದಶಕದಲ್ಲಿ. ಆಗ ಈ ಓದಿಗೆ ಇಷ್ಟುದ್ದದ ಹೆಸರಿರಲಿಲ್ಲ, ಅಂತರರಾಷ್ಟ್ರೀಯ ರಾಜಕೀಯ ಅಂದರೆ ಮುಗಿಯಿತು. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿಂದ ಬೆಳಗಿನ ಬಸ್ಸಿನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ. ಚಿನ್ನದ ಗಣಿಯ ಕಡೆಯವರು ಮೊದಲೇ ಬಂದು ಕೂತು ತಮಿಳಿನಲ್ಲಿ ಹರಟುತ್ತಿದ್ದರು, ತರಕಾರಿ ಮೂಟೆಯವರು ತೆಲುಗಿನಲ್ಲಿ ಜಗಳಕ್ಕೆ ನಿಲ್ಲುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ವಿಶ್ವಶಾಂತಿಯನ್ನು ಉರು ಹೊಡೆಯುತ್ತಿದ್ದೆ. ಮೂವರ ಸೀಟಿನಲ್ಲಿ ಐವರು ಹೇಗೋ ಹೊಂದಿಕೊಂಡು ಕೂರುತ್ತಿದ್ದೆವು. ಅದೂ ಒಂದು ಒಪ್ಪಂದವೇ ಎಂದು ನನ್ನ ಮಂಡೆಗೆ ಹೊಳೆದಿರಲಿಲ್ಲ ನೋಡಿ.

ನನಗೆ ಪ್ರಬಂಧ ಬರೆಯುವ ಹುಚ್ಚು. ಅದನ್ನು ಬರೆದವರಿಗೆ ಒಂದು ಪರೀಕ್ಷೆ ತಪ್ಪುತ್ತಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ನಾನು ಬುಕ್ಕು ಬರೀತಿದ್ದೀನಿ ಅಂತ ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದೆ. ದೇಶಗಳು ನದಿನೀರು ಹಂಚಿಕೊಳ್ಳುವ ಬಗ್ಗೆ ಲೈಬ್ರರಿಯ ಪುಸ್ತಕಗಳಿಂದ ನಲವತ್ತು ಪುಟ ಇಳಿಸಿಕೊಂಡು ಮೇಷ್ಟ್ರ ಮುಂದಿಟ್ಟೆ. ಅವರು ಕನ್ನಡಕ ತೆಗೆದು, "ಚೆನ್ನಾಗಿದೆ. ಇದರಲ್ಲಿ ನಿಮ್ಮದು ಯಾವುದಮ್ಮ?" ಅಂದರು. ನಾನು ಹಾಳೆ ತಿರುವತೊಡಗಿದೆ. "ಹದಿನೈದು ದಿನ ಕೊಡ್ತೀನಿ. ನಿಮ್ಮದು ಅಂತ ಒಂದು ಮಾತು ತನ್ನಿ. ಇಲ್ಲದಿದ್ರೆ ಪ್ರಬಂಧ ಬೇಡ, ಎಲ್ಲರ ಹಾಗೆ ಪರೀಕ್ಷೆಗೆ ಕೂತುಬಿಡಿ."

ಹದಿಮೂರು ದಿನ ಏನೂ ಹೊಳೆಯದೆ, ಒಂದು ಸಂಜೆ ನಮ್ಮೂರ ಕೆರೆ ಏರಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ನಾರೆಪ್ಪ ತಾತ ಬಂದ. ಅವನು ನಮ್ಮೂರ ನೀರಗಂಟಿ. ಕೆರೆಯ ತೂಬು ತೆಗೆದು, ಗದ್ದೆಗದ್ದೆಗೂ ಸರದಿಯಂತೆ ನೀರು ಬಿಡುವವನು.

"ಏನಮ್ಮಾ, ಬುಕ್ಕು ಬರಿಯೋದು ಆಯ್ತಾ?"

"ಎಲ್ಲಿ ಬಂತು ತಾತ! ಮೇಷ್ಟ್ರು ಇದು ಆಗಲ್ಲ ಅಂದ್ಬಿಟ್ರು."

"ಅಂತಾದ್ದು ಏನ್ ಬರ್ದಿದ್ದೆ?"

"ನೀರು ಕಮ್ಮಿ ಇದ್ರೆ ದೇಶದೇಶದೋರು ಎಂಗೆ ಅಂಚ್ಕೋಬೇಕು ಅಂತ."

ತಾತ ಬಿದ್ದುಬಿದ್ದು ನಕ್ಕ. "ಅಬ್ಬೋ! ಅದಕ್ಯಾಕಮ್ಮ ಬೆಂಗ್ಳೂರ್ಗಂಟ ಓಗ್ತೀಯ? ದಾಮಾಷ ಮಾಡ್ಕಳಿ ಅಂತ ಯೋಳು!"

ದಾಮಾಷ ಅಂದರೆ ಇಷ್ಟೆ. ಕೆರೆ ಅರ್ಧ ತುಂಬಿದ ವರ್ಷ ಊರಿನ ಎಲ್ಲ ಗದ್ದೆಗೂ ನೀರು ಸಾಲದು. ಆಗ ತೂಬಿನ ಹತ್ತಿರದ ಒಂದಷ್ಟು ಗದ್ದೆಗೆ ಮಾತ್ರ ನೀರು. ಆದರೆ ಆ ವರ್ಷದ ಮಟ್ಟಿಗೆ ಅವು ಒಡೆಯನವಲ್ಲ. ದೂರದ ಗದ್ದೆಯವರೂ ಬಂದು ತಮ್ಮ ತಮ್ಮ ಪಾಲಿಗೆ ತಕ್ಕಷ್ಟು ಅಲ್ಲೇ ಬೆಳೆದುಕೊಳ್ಳುತ್ತಾರೆ. ನಮ್ಮಪ್ಪನ ಗದ್ದೆ ತೂಬಿನ ಬುಡದಲ್ಲೇ ಇತ್ತು. ದಾಮಾಷದ ವರ್ಷ ಅಪ್ಪನ ಮುಖ ನೋಡಬೇಕಿತ್ತು, ಬೇವಿನೆಲೆ ಅಗಿದವರ ಹಾಗೆ. ಆದರೂ ಒಂದು ದಿನವೂ ಆಗಲ್ಲ ಅಂದವನಲ್ಲ.

"ಎಲ್ರೂ ನಿನ್ನ ಮಾತು ಕೇಳ್ತಾರಲ್ಲ, ಎಂಗೆ ತಾತ?" ಅಂತ ಕೇಳಿದೆ.

"ನಂಗೆ ಒಂದ್ ಗುಂಟೆ ಗದ್ದೆ ಇಲ್ವಲ್ಲಮ್ಮ, ಅದಕ್ಕೆ. ಗದ್ದೆ ಇರೋನ ಕೈಗೆ ತೂಬು ಕೊಟ್ರೆ ನೀರು ಮೊದ್ಲು ಎಲ್ಲಿಗ್ ಓಗ್ತೈತೆ, ನೀನೇ ಯೋಳು."

ಕೆಲವೇ ದೊಡ್ಡ ದೇಶಗಳು 'ಆಗದು' ಅಂದರೆ ಲೋಕವೆಲ್ಲ ಕೈಕಟ್ಟಿ ಕೂರುವುದೇಕೆಂದು ಎರಡು ವರ್ಷದಿಂದ ಓದುತ್ತಿದ್ದೆ. ಈ ತಾತ ಬೀಡಿ ಹಚ್ಚುವಷ್ಟರಲ್ಲಿ ಹೇಳಿ ಮುಗಿಸಿದ್ದ. ನನಗೆ ಕುಣಿಯುವಂತಾಯಿತು. ಸುಳ್ಳೇಕೆ, ಕುಣಿದೆ ಕೂಡ.

ರಾತ್ರಿ ಬರೆದೆ, ಮರುದಿನ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿ ಟೈಪು ಮಾಡಿಸಿದೆ. ಮೊದಲ ಪುಟದಲ್ಲೇ ತಾತನ ಮಾತು, ಪುಟದ ತಳದಲ್ಲಿ ಶಾಸ್ತ್ರೋಕ್ತವಾಗಿ ಅಡಿಟಿಪ್ಪಣಿ: ನಾರೆಪ್ಪ, ನೀರಗಂಟಿ. ಬಸ್ಸಿಳಿದವಳೇ ತಾತನಿಗೆ ತೋರಿಸಲು ಕಾಲುವೆಯ ಹತ್ತಿರ ಓಡಿದೆ.

ಓ, ಒಂದು ಮಾತು ಹೇಳುವುದನ್ನೇ ಬಿಟ್ಟೆ. ದಾಮಾಷ ಗೊತ್ತುಮಾಡುವ ದಿನ ಗದ್ದೆಯವರೆಲ್ಲ ಅರಳಿಕಟ್ಟೆಯ ಮೇಲೆ ಕೂರುತ್ತಿದ್ದರು. ತಾತ ಕಟ್ಟೆಯ ಕೆಳಗೆ ನಿಂತಿರುತ್ತಿದ್ದ. ಎಷ್ಟು ನೀರಿದೆ, ಎಷ್ಟು ಗದ್ದೆಗಾಗುತ್ತದೆ ಎಂದು ಹೇಳಬೇಕಾದವನು ಅವನೇ. ಆದರೆ ಅವನ ಕೇರಿಯವರು ಕಟ್ಟೆ ಹತ್ತುವಂತಿರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿದ್ದೆ, ಅದಕ್ಕೇ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ನನ್ನೆಸ್ರಾ? ಅಚ್ಚಾಗೈತಾ? ಎಲ್ಲೈತೆ?" ತಾತನಿಗೆ ಓದು ಬಾರದು. ನಾನು ತೋರಿಸಿದ ಕಡೆ ಕೆಸರು ಹೆಬ್ಬೆರಳಿಟ್ಟ. ಬೆರಳು ಹಾಳೆಯ ತಳದಲ್ಲಿತ್ತು. ಮೇಲೆ ನೋಡಿದ, ಕೆಳಗೆ ನೋಡಿದ. "ಇಲ್ಲೂ ಕೆಳಗೇನಾ ತಾಯಿ?"

ತಮಾಷೆಗೆಂದು ನಗುತ್ತಲೇ ಕೇಳಿದ. ನನಗೆ ನಾಚಿಕೆಯಾಯಿತು, ಭೂಮಿ ಬಾಯಿಬಿಡಬಾರದೆ ಅನ್ನುವಷ್ಟು ನಾಚಿಕೆ.

ಹದಿನೈದನೆಯ ದಿನ ಬೆಳಗ್ಗೆ ಮತ್ತೆ ಟೈಪಿಂಗಿನ ಅಕ್ಕನ ಮುಂದೆ ನಿಂತೆ. "ಐಯೋ, ತಿರುಂಬವಾ?" ಮತ್ತೆ ಬಂದೆಯಾ ಎಂದು ತಮಿಳಿನಲ್ಲಿ ಹಣೆ ಚಚ್ಚಿಕೊಂಡಳು. ಬೈಯುತ್ತಲೇ ಹೊಸ ಹಾಳೆ ಏರಿಸಿದಳು, ಪುಣ್ಯಾತ್ಗಿತ್ತಿ. ಪ್ರಬಂಧದ ಮೊದಲ ಸಾಲು ಬದಲಾಯಿತು: 'ಈ ಪ್ರಬಂಧದ ಮುಖ್ಯ ವಿಚಾರ ನಮ್ಮೂರ ನೀರಗಂಟಿ ನಾರೆಪ್ಪನವರದು.'

ಮಧ್ಯಾಹ್ನ ಮೇಷ್ಟ್ರು ಅದನ್ನು ಎರಡು ಸಲ ಓದಿದರು. "ನಿಮ್ಮದೊಂದು ಮಾತು ತನ್ನಿ ಅಂದಿದ್ದೆ."

ಕೆಟ್ಟೆ ಅಂದುಕೊಂಡೆ.

"ಈ ಸಾಲು ನಿಮ್ಮದು," ಅನ್ನುತ್ತ ರುಜು ಹಾಕಿದರು.

ತಮ್ಮನ ಮಗಳು ಇಷ್ಟನ್ನೂ ಟ್ರಂಕಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಕೇಳಿದಳು. "ಆಮೇಲೆ ತಾತನಿಗೆ ಹೇಳಿದ್ರಾ ಅತ್ತೆ? ಏನಂದ್ರು?"

ಹೇಳದೆ ಇರುತ್ತೇನೆಯೆ! ಅಂದು ಸಂಜೆಯೇ ಓಡಿದ್ದೆ. ಹೊಸ ಹಾಳೆಯ ನೆತ್ತಿಯಲ್ಲಿ ಅವನ ಹೆಸರು ತೋರಿಸಿದ್ದೆ. ಈ ಸಲ ತಾತ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಮುಟ್ಟಿದ್ದ.

"ಮೇಲಕ್ ಆಕ್ಬುಟ್ಯಾ!" ಅಂದಿದ್ದ. ಮತ್ತೆ ಆ ಹೆಸರಿನ ಮೇಲೆ ಬೆರಳಾಡಿಸಿ, "ಕಟ್ಟೆ ಮೇಲೆ ಕುಂತಂಗಾಯ್ತು ಕಣಮ್ಮ" ಅಂದಿದ್ದ.

ದಪ್ಪ ಪುಸ್ತಕಗಳು ಟ್ರಂಕಿಗೇ ವಾಪಸು ಹೋದವು. ಹುಡುಗಿ ಕೆಸರಿನ ಹಾಳೆಯನ್ನು ತನ್ನ ಯೂನಿವರ್ಸಿಟಿ ಕಾಗದಗಳ ಫೈಲಿಗೆ ಸೇರಿಸಿದಳು. ಮೊದಲು ಕೆಳಗೆ ತೂರಿಸಹೊರಟವಳು ತಡೆದು, ನನ್ನ ಮುಖ ನೋಡಿ, ಎಲ್ಲಕ್ಕಿಂತ ಮೇಲಿಟ್ಟಳು.